ಬೆನ್ನು ತಿರುಗಿಸಿ ಮಾಡಿದ ಕುರ್ಚಿ

ನಮ್ಮೂರಿನಲ್ಲಿ ಹಾಲಿಗೆ ಹೆಪ್ಪು ಹಾಕಿದವರು ಬೆನ್ನು ತಿರುಗಿಸಿಕೊಂಡು ಹೋಗಬೇಕು. ನೋಡುತ್ತ ಕುಳಿತರೆ ಸಂಜೆಯಾದರೂ ಹಾಲು ಹಾಲಾಗಿಯೇ ಇರುತ್ತದೆ. ಮೊಸರೊಂದೇ ಅಲ್ಲ, ತುಪ್ಪ, ಮೇಣ, ಬರ್ಫಿ, ಸಿಮೆಂಟು, ಅಕ್ಕಸಾಲಿಗ ಮೂಸೆಯಿಂದ ಸುರಿದ ಬಂಗಾರ, ಗಟ್ಟಿಯಾಗಬೇಕಾದದ್ದು ಯಾವುದೂ ಮನುಷ್ಯರ ಕಣ್ಣೆದುರು ಗಟ್ಟಿಯಾಗುವುದಿಲ್ಲ. ಗೌಂಡಿಗಳು ಸ್ಲ್ಯಾಬ್ ಹಾಕಿದ ಮೇಲೆ ತಾಡಪತ್ರಿ ಹೊದಿಸಿ, ದಾರಿಹೋಕರು ಇಣುಕದಂತೆ ಒಬ್ಬ ಮುದುಕನನ್ನು ಕಾವಲಿಗೆ ಕೂರಿಸುತ್ತಾರೆ. ಆ ಮುದುಕನೂ ರಸ್ತೆಯ ಕಡೆಗೇ ಮುಖ ಮಾಡಿರುತ್ತಾನೆ. ಹೊರ ಊರಿನಿಂದ ಮದುವೆಯಾಗಿ ಬಂದ ಸೊಸೆಯರು ಮೊದಮೊದಲು ಮೊಸರಿನ ಗಡಿಗೆಯ ಮುಚ್ಚಳ ತೆಗೆತೆಗೆದು ನೋಡಿ, ಅತ್ತೆಯರಿಂದ ಬೈಸಿಕೊಂಡು, ಕಣ್ಣೀರು ಹಾಕಿ, ಆಮೇಲೆ ಎಲ್ಲರಂತೆ ಗೋಡೆ ನೋಡುವುದನ್ನು ಕಲಿಯುತ್ತಾರೆ. ಹೀಗೇಕೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಕೇಳುತ್ತ ಕೂತರೆ ಕೆಲಸ ಆಗಬೇಕಲ್ಲ.

ನನ್ನ ಹೆಸರು ಕಸ್ತೂರಿ. ನನ್ನ ಅವ್ವ ಶೇಂಗಾ ಚಿಕ್ಕಿ ಮಾಡಿ ಮಾರುವವಳು, ಹೀಗಾಗಿ ಬೆನ್ನು ತಿರುಗಿಸಿ ನಿಲ್ಲುವುದು ನನಗೆ ನಡೆಯುವುದಕ್ಕಿಂತ ಮೊದಲೇ ಬಂದಿತ್ತು. ಡಿಪ್ಲೊಮಾ ಓದಲು ಹೊರ ಊರಿಗೆ ಹೋದಾಗ, ಹಾಸ್ಟೆಲಿನಲ್ಲಿ ಕರೆಂಟು ಹೋಗಿ ಯಾರೋ ಮೇಣದಬತ್ತಿ ಹಚ್ಚಿದರು. ಒಂದು ಹನಿ ಮೇಜಿನ ಮೇಲೆ ಬಿದ್ದು, ನಾನು ನೋಡುತ್ತಿದ್ದ ಹಾಗೆಯೇ ಮಸುಕಾಗಿ ಬಿಳಿಯಾಗಿ ಗಟ್ಟಿಯಾಯಿತು. ನಾನು ಅತ್ತುಬಿಟ್ಟೆ. ಗೆಳತಿಯರು ಮನೆಯ ನೆನಪಾಗಿರಬೇಕೆಂದು ಸಮಾಧಾನ ಮಾಡಿದರು. ಅವರಿಗೆ ಹೇಗೆ ಹೇಳಲಿ, ಅಷ್ಟು ಚೆಂದದ್ದನ್ನು ನಮ್ಮೂರಿನವರು ಯಾರೂ ನೋಡಿಯೇ ಇಲ್ಲ ಎಂದು. ಅದೇ ಕಾಲೇಜಿನ ಲ್ಯಾಬಿನಲ್ಲಿ ಕರಗಿದ ಪ್ಲಾಸ್ಟಿಕ್ಕಿನೊಳಗೆ ಬೆಳಕು ಹಾಯಿಸಿ ನೋಡುವುದನ್ನು ಕಲಿತೆ. ಕರಗಿದಾಗ ಅದು ನೀರಿನಷ್ಟು ತಿಳಿ. ಆರುತ್ತ ಬಂದ ಹಾಗೆ ಒಳಗೆ ಸಣ್ಣ ಸಣ್ಣ ಹರಳುಗಳು ಕಟ್ಟಿಕೊಂಡು ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಬೆಳಕು ಆಚೆ ಬದಿಗೆ ದಾಟುವುದು ಕಡಿಮೆಯಾಗುತ್ತದೆ. ಕಡಿಮೆಯಾಗುವುದು ನಿಂತಿತೆಂದರೆ ಹರಳು ಕಟ್ಟುವ ಕೆಲಸ ಮುಗಿಯಿತು ಎಂದರ್ಥ.

ಓದು ಮುಗಿಸಿ ಬಂದು ಸೇರಿದ್ದು ಮುರಿಗೆಪ್ಪ ಸಾಹುಕಾರರ ಕುರ್ಚಿ ಕಾರ್ಖಾನೆಗೆ. ಅಲ್ಲಿ ಪ್ಲಾಸ್ಟಿಕ್ ಕಾಳನ್ನು ಕರಗಿಸಿ, ಕಬ್ಬಿಣದ ದೊಡ್ಡ ಅಚ್ಚಿನೊಳಗೆ ಒತ್ತಿ ತುಂಬಿ, ಆರಿದ ಮೇಲೆ ಅಚ್ಚು ಬಿಚ್ಚಿ ಕುರ್ಚಿ ತೆಗೆಯುತ್ತಿದ್ದರು. ಅಚ್ಚು ನಾಲ್ಕೂ ಕಡೆ ಮುಚ್ಚಿದ ಉಕ್ಕು, ಒಳಗೆ ಇಣುಕಲು ಯಾರಿಗೂ ದಾರಿಯಿಲ್ಲ, ಆದ್ದರಿಂದ ನಮ್ಮೂರಿಗೆ ಹೇಳಿ ಮಾಡಿಸಿದ ಉದ್ಯೋಗ ಎಂದುಕೊಂಡು ಸಾಹುಕಾರರು ಅದನ್ನು ಶುರು ಮಾಡಿದ್ದರು. ಆದರೆ ಎಡವಟ್ಟಾದದ್ದು ಅಚ್ಚು ಬಿಚ್ಚುವ ಹೊತ್ತಿನಲ್ಲಿ. ಸ್ವಲ್ಪ ಬೇಗ ಬಿಚ್ಚಿದರೆ ಕುರ್ಚಿಯ ಒಳಗೆ ಇನ್ನೂ ಅರ್ಧ ಹಸಿ ಇರುತ್ತಿತ್ತು. ಹೊರಗೆ ತೆಗೆದ ಕೂಡಲೇ ಕೆಲಸದ ಹೆಂಗಸರೆಲ್ಲ ಅದನ್ನು ನೋಡುತ್ತ ಅಂಚು ಕೆರೆಯುತ್ತಿದ್ದರು, ನೋಡುತ್ತ ಒರೆಸುತ್ತಿದ್ದರು, ಅಷ್ಟು ಹೊತ್ತೂ ಅದು ಇದ್ದ ಹಾಗೇ ಇರುತ್ತಿತ್ತು. ಲಾರಿಯ ಕತ್ತಲಿಗೆ ಹೋದ ಮೇಲೆ ಉಳಿದ ಅರ್ಧ ಗಟ್ಟಿಯಾಗುತ್ತ ತನಗೆ ಬೇಕಾದ ಕಡೆ ಸೊಟ್ಟಗಾಗುತ್ತಿತ್ತು. ಇಲ್ಲಿ ನೆಟ್ಟಗೆ ನಿಂತ ಕುರ್ಚಿ ಗಿರಾಕಿಯ ಅಂಗಳದಲ್ಲಿ ಟಕ್ ಟಕ್ ಎಂದು ಕುಂಟುತ್ತಿತ್ತು. ಹಾಗೆಂದು ತಡವಾಗಿ ಬಿಚ್ಚಿದರೆ ಕುರ್ಚಿ ಕುಗ್ಗಿ ಅಚ್ಚನ್ನೇ ಗಟ್ಟಿಯಾಗಿ ಹಿಡಿದುಕೊಂಡು, ಎಳೆದಾಗ ಸೀಳುತ್ತಿತ್ತು. ಸರಿಯಾದ ಹೊತ್ತು ಯಾವುದು ಎನ್ನುವುದು ಆ ದಿನದ ಕಾಳು, ಅಚ್ಚು ತಣಿಸುವ ಆ ದಿನದ ನೀರು, ಆ ದಿನದ ಬಿಸಿಲಿನ ಮೇಲೆ ಬದಲಾಗುತ್ತಿತ್ತು. ಸುತ್ತಲಿನ ಊರುಗಳಲ್ಲಿ ಯಾರಾದರೂ ಕುಡಿದು ತೂರಾಡಿದರೆ, ಇವನು ಆ ಊರಿನ ಕುರ್ಚಿ ಎಂದು ನಮ್ಮ ಹೆಸರು ಹೇಳಿ ನಗುತ್ತಿದ್ದರು.

ಆ ಅಚ್ಚು ಸಾಹುಕಾರರದಲ್ಲ. ಕರಾವಳಿಯ ಒಂದು ಕಂಪನಿಯದು. ಆ ಕಂಪನಿಯ ಪರವಾಗಿ ಬರುತ್ತಿದ್ದ ವಾಮನ ಕಾಮತರು ಒಂದು ದಿನ ಸಾಹುಕಾರರ ಎದುರು ಕೂತು, ಬೇಸರದಿಂದಲೇ ಹೇಳಿದರು: "ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಮಾರಾಯ್ರೆ. ಆದ್ರೆ ಕುಂಟುವ ಕುರ್ಚಿ ತಗೊಂಡು ನಾನೆಂತ ಮಾಡ್ಲಿ? ಬರುವ ಸೋಮವಾರ ಲಾರಿ ತರ್ತೇನೆ. ಆವತ್ತು ಸರಿಯಾದ ಕುರ್ಚಿ ತೋರಿಸಿದ್ರೆ ಸರಿ. ಇಲ್ಲದಿದ್ರೆ ಅಚ್ಚು ವಾಪಸ್ ಕೊಂಡು ಹೋಗ್ತೇನೆ." ಆ ಅಚ್ಚು ಹೋದರೆ ನಮ್ಮಲ್ಲಿ ಉಳಿಯುವುದು ಸೋಪಿನ ಡಬ್ಬಿ ಮಾಡುವ ಸಣ್ಣ ಮಷೀನು ಮಾತ್ರ. ಅದಕ್ಕೆ ಇಬ್ಬರು ಸಾಕು. ಕುರ್ಚಿಯ ಮಷೀನು ನಡೆಸುತ್ತಿದ್ದ ದಾವಲಬಿ ಮತ್ತು ಅವಳ ಜೊತೆಯ ಹೆಂಗಸರೆಲ್ಲ ಮನೆಗೆ ಹೋಗಬೇಕಿತ್ತು. ನನಗೂ ಅಲ್ಲಿ ಕೆಲಸ ಇರುತ್ತಿರಲಿಲ್ಲ.

ಕಾಮತರ ಜೀಪು ಗೇಟು ದಾಟಿದ್ದೇ ತಡ, ನಾನು ಸಾಹುಕಾರರ ಮುಂದೆ ನಿಂತೆ. ಅಚ್ಚಿಗೆ ಎದುರುಬದುರು ಎರಡು ಸಣ್ಣ ತೂತು ಹಾಕಿ, ಒಂದರಿಂದ ಗಾಜಿನ ಎಳೆಯಲ್ಲಿ ಬೆಳಕು ಕಳಿಸಿ, ಇನ್ನೊಂದರಲ್ಲಿ ಸೆನ್ಸರ್ ಕೂರಿಸಿದರೆ ಒಳಗೆ ಕುರ್ಚಿ ಪೂರ್ತಿ ಗಟ್ಟಿಯಾದದ್ದು ಹೊರಗಿನಿಂದಲೇ ಗೊತ್ತಾಗುತ್ತದೆ ಎಂದೆ. ಕಾಮತರ ಕುರ್ಚಿಗೆ ಬಣ್ಣ ಬೆರೆಸುವುದಿಲ್ಲವಾದ್ದರಿಂದ ಬೆಳಕು ಹಾಯಲು ಅಡ್ಡಿಯೂ ಇರಲಿಲ್ಲ.

"ಮಂದೀ ಅಚ್ಚಿಗೆ ತೂತು ಹಾಕು ಅಂತೀಯಲ್ಲವಾ, ಕಸ್ತೂರಿ," ಎಂದರು ಸಾಹುಕಾರರು.

"ದಬ್ಬಣ ಹೋಗುವಷ್ಟ ತೂತ್ರಿ, ಸಾವ್ಕಾರ್ರ. ಗಾಜು ಕೂಡಿಸಿ ಮುಚ್ಚತೀನಿ."

"ದಬ್ಬಣ ಹೋಗುವಷ್ಟು ತೂತು ಬಿದ್ದ ಕೊಡದಾಗ ನೀರು ನಿಂದರ್ತಾವೇನು?"

ದಾವಲಬಿ ಮಷೀನಿನ ಪಕ್ಕದಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ನನಗಿಂತ ಹಿರಿಯಳು, ಮಾತು ಕಡಿಮೆ, ಆಡಿದರೆ ನೇರ. "ತಂಗಿ, ನೋಡಿದ್ರ ಗಟ್ಟಿ ಆಗೂದಿಲ್ಲಲ್ಲ," ಎಂದಳು.

"ನೋಡಾವ್ರು ಮನಶ್ಯಾರಲ್ಲಕ್ಕಾ, ಸೆನ್ಸರ್. ಅದಕ್ಕ ಬೆಳಕು ಎಷ್ಟು ಬಂತು ಅನ್ನೂದಷ್ಟ ಗೊತ್ತಾಕ್ಕತಿ."

"ಕಣ್ಣಿಗೂ ಅಷ್ಟ ಗೊತ್ತಾಗೂದು," ಎಂದಳು ಅವಳು.

ನಾನು ಪಟ್ಟು ಬಿಡಲಿಲ್ಲ. ಓದಿ ಬಂದ ಹುಡುಗಿಯ ಹಠ ಎಂದರೆ ಹಠವೇ. ಹೇಗಿದ್ದರೂ ಅಚ್ಚು ಕೈಬಿಟ್ಟು ಹೋಗುವುದೇ, ಇದ್ದಷ್ಟು ದಿನ ಒಂದು ಕೈ ನೋಡೋಣ ಎಂದು ಸಾಹುಕಾರರು ಕೊನೆಗೆ ಒಪ್ಪಿದರು. "ಏನರ ಹೆಚ್ಚುಕಮ್ಮಿ ಆದ್ರ ಕಾಮತರ ಮುಂದ ನೀನ ನಿಂದರಬೇಕು," ಎಂದು ಮಾತು ತೆಗೆದುಕೊಂಡರು. ಕುರ್ಚಿಯ ಬೆನ್ನು ಬರುವ ಜಾಗದಲ್ಲಿ ನಾನೇ ಕೈಯಾರೆ ಡ್ರಿಲ್ ಹಿಡಿದು ತೂತು ಹಾಕಿದೆ. ಉಕ್ಕಿನ ಸುರುಳಿಗಳು ನೆಲಕ್ಕೆ ಬೀಳುತ್ತಿದ್ದವು. ತೆಗೆದ ಉಕ್ಕನ್ನು ಮತ್ತೆ ತುಂಬಲು ಬರುವುದಿಲ್ಲ.

ಸೆನ್ಸರಿನ ತಂತಿಯನ್ನು ಕಂಪ್ಯೂಟರಿಗೆ ಜೋಡಿಸಿ ಮೊದಲ ಸಲ ಮಷೀನು ಹಚ್ಚಿದ ದಿನ ಇಡೀ ಕಾರ್ಖಾನೆ ಪರದೆಯ ಮುಂದೆ ನೆರೆದಿತ್ತು. ಬೆಳಕು ಪೂರ್ತಿ ದಾಟುತ್ತಿರುವಾಗ ಪರದೆಯ ಗೆರೆ ಮೇಲಿರುತ್ತದೆ, ಹರಳು ಕಟ್ಟಿದ ಹಾಗೆ ಕೆಳಗಿಳಿಯುತ್ತದೆ, ಇಳಿದು ನಿಂತಾಗ ಬಿಚ್ಚಬೇಕು ಎಂದು ಎಲ್ಲರಿಗೂ ಬಿಡಿಸಿ ಹೇಳಿದೆ. ಹುಟ್ಟಿದಾಗಿನಿಂದ ಒಂದೇ ಒಂದು ತೊಟ್ಟು ತುಪ್ಪವೂ ಗಟ್ಟಿಯಾಗುವುದನ್ನು ಕಾಣದ ಜನ, ಒಂದು ಗೆರೆಯಲ್ಲಾದರೂ ಅದನ್ನು ಕಾಣಲಿಕ್ಕಿದ್ದೇವೆ ಎಂದು ಒಬ್ಬರ ಹೆಗಲ ಮೇಲೆ ಒಬ್ಬರು ಬಾಗಿ ಕಣ್ಣು ನೆಟ್ಟಿದ್ದರು. ಎಲ್ಲರಿಗಿಂತ ಮುಂದೆ ನಾನು. ಗೆರೆ ಮೇಲೆಯೇ ಇತ್ತು. ಕಾದೆವು. ಅಲ್ಲಾಡಲಿಲ್ಲ. ಇನ್ನಷ್ಟು ಕಾದೆವು. ಸ್ಕೇಲು ಇಟ್ಟು ಎಳೆದ ಹಾಗೆ ನೆಟ್ಟಗೆ ಹೋಗುತ್ತಲೇ ಇತ್ತು. ಸೆನ್ಸರ್ ಕೆಟ್ಟಿರಬೇಕೆಂದು ನಾನು ತಂತಿ ತಡಕುತ್ತಿದ್ದೆ.

"ಇಷ್ಟೊತ್ತಿಗೆ ಅಚ್ಚಿಗೆ ಹಿಡಕೊಂಡು ಕೂತಿರತೈತಿ. ಬಿಚ್ಚು, ದಾವಲಬಿ," ಎಂದರು ಸಾಹುಕಾರರು.

ದಾವಲಬಿ ಮಷೀನಿನ ಮುಂದಿನ ಬಾಗಿಲು ಎಳೆದು ಭದ್ರ ಮಾಡಿಯೇ ಗುಂಡಿ ಒತ್ತಿದಳು. ಒಳ್ಳೆಯದೇ ಆಯಿತು. ಅಚ್ಚಿನೊಳಗಿನಿಂದ ಕುರ್ಚಿ ಬರಲಿಲ್ಲ, ಪಾಯಸ ಬಂತು. ಕುದಿಯುವ ತಿಳಿ ಪ್ಲಾಸ್ಟಿಕ್ಕು ಮಷೀನಿನ ಮೈಮೇಲೆ ಹರಿದು, ಸಂದಿಗಳಲ್ಲಿ ಇಳಿದು, ನೆಲಕ್ಕೆ ಬಂದು ಹರಡಿತು. ಎಲ್ಲರೂ ದೂರ ಸರಿದು ಅದನ್ನೇ ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡುತ್ತಿದ್ದರು, ಹಾಗಾಗಿ ಅದು ನೆಲದ ಮೇಲೂ ಗಟ್ಟಿಯಾಗಲೊಲ್ಲದು. ಕೊನೆಗೆ ಎಲ್ಲರನ್ನೂ ಹೊರಗಟ್ಟಿ, ಬಾಗಿಲು ಹಾಕಿ, ಚಹಾ ಕುಡಿದು ಬಂದ ಮೇಲೆಯೇ ಅದನ್ನು ಕಿತ್ತು ತೆಗೆಯಲು ಆಯಿತು.

ಸೆನ್ಸರ್ ಕೆಟ್ಟಿರಲಿಲ್ಲ. ಕೆಟ್ಟದ್ದು ನನ್ನ ಲೆಕ್ಕಾಚಾರ. ಗೆರೆ ಕುರ್ಚಿಯಲ್ಲ ಎಂದು ನಾನು ತಿಳಿದುಕೊಂಡಿದ್ದೆ. ಒಳಗೆ ಆಗುತ್ತಿರುವುದನ್ನು ಆಗುತ್ತಿರುವಾಗಲೇ ತೋರಿಸುವ ಗೆರೆಯನ್ನು ನೋಡುವುದೂ ಒಂದೇ, ಕುರ್ಚಿಯನ್ನು ನೋಡುವುದೂ ಒಂದೇ. ದಾವಲಬಿ ಉಳಿಯಿಂದ ಮಷೀನು ಕೆರೆಯುತ್ತ ಕೂತಿದ್ದಳು. ನಾನು ಪಕ್ಕದಲ್ಲಿ ಕೂತು ಕೆರೆಯತೊಡಗಿದೆ. ಅವಳು 'ನಾನು ಹೇಳಿರಲಿಲ್ಲವೇ' ಎನ್ನಲಿಲ್ಲ. ಅಂದಿದ್ದರೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

"ಆ ತೂತು ಮುಚ್ಚಿಸು," ಎಂದಷ್ಟೇ ಹೇಳಿ ಸಾಹುಕಾರರು ಮನೆಗೆ ಹೋದರು.

ಭಾನುವಾರ ಅವ್ವ ಚಿಕ್ಕಿಯ ಪಾಕವನ್ನು ತಟ್ಟೆಗೆ ಸುರಿದು, ಎಂದಿನಂತೆ ಬೆನ್ನು ಹಾಕಿ ಕೂತು, ಕೈ ಹಿಂದೆ ಮಾಡಿ ಚಾಕುವಿನ ಹಿಡಿಯಿಂದ ತಟ್ಟುತ್ತಿದ್ದಳು. ನಮ್ಮೂರಿನಲ್ಲಿ ಎಲ್ಲರೂ ಮಾಡುವುದೇ ಅದು. ಗೌಂಡಿ ತಾಡಪತ್ರಿಯ ಮೇಲಿಂದ ಕೋಲು ಬಡಿದು ಕಿವಿಗೊಡುತ್ತಾನೆ, ತುಪ್ಪದ ಅಂಗಡಿಯವರು ಡಬ್ಬಿ ಕುಲುಕಿ ಕೇಳುತ್ತಾರೆ. ತಟ್ಟೆ ಮೊದಲು ತಪ್ ತಪ್ ಎಂದಿತು, ಆಮೇಲೆ ಟಕ್ ಟಕ್ ಎಂದಿತು. "ಆತು, ಕೊಯ್ಯಿ," ಎಂದಳು ಅವ್ವ. ನಾನು ಚಾಕು ತೆಗೆದುಕೊಳ್ಳದೆ ಗೋಡೆ ನೋಡುತ್ತ ನಿಂತುಬಿಟ್ಟೆ. ನೋಡಬಾರದು ಎನ್ನುವುದಷ್ಟೇ ನಮ್ಮೂರಿನ ಕಟ್ಟಳೆ. ಕೇಳಿಸಿಕೊಳ್ಳಬಾರದು ಎಂದು ಇಷ್ಟು ವರ್ಷ ಯಾವುದೂ ನಮಗೆ ಅಡ್ಡ ಬಂದಿರಲಿಲ್ಲ. ಬೆಳಕನ್ನು ಗೆರೆ ಮಾಡುವ ಬದಲು ಸದ್ದು ಮಾಡಿದರೆ?

ಹಳೆಯ ರೇಡಿಯೋ ಬಿಚ್ಚಿ ಅದರ ಸ್ಪೀಕರ್ ಕಿತ್ತುಕೊಂಡು ಕಾರ್ಖಾನೆಗೆ ಓಡಿದೆ. ಬೆಳಕು ಹೆಚ್ಚು ದಾಟಿದರೆ ದನಿ ಏರಬೇಕು, ಕಡಿಮೆ ದಾಟಿದರೆ ಇಳಿಯಬೇಕು, ಅಷ್ಟೇ ಕೆಲಸ. ಸೋಮವಾರ ಬೆಳಗಿನ ಹೊತ್ತಿಗೆ ತಂತಿಗಳೆಲ್ಲ ಜೋಡಣೆಯಾದವು. ಪರದೆಯ ಮೇಲೆ ಗೋಣಿಚೀಲ ಹೊದಿಸಿದೆ. ಗೆರೆ ಒಳಗೊಳಗೇ ದಾಖಲಾಗುತ್ತಿರಲಿ, ಕುರ್ಚಿ ಆದ ಮೇಲೆ ಬೇಕಾದಷ್ಟು ನೋಡಬಹುದು. ಒಂದು ಸಲ ಮಷೀನು ಹಚ್ಚಿ ಪರೀಕ್ಷೆ ಮಾಡಬೇಕು ಅನ್ನುವಷ್ಟರಲ್ಲಿ ಕಾಮತರ ಲಾರಿ ಅಂಗಳದಲ್ಲಿ ಹಾರ್ನ್ ಹಾಕಿತು.

ಕಾಮತರು ಬಂದವರೇ ಅಚ್ಚಿನ ಸುತ್ತ ಒಂದು ಸುತ್ತು ಬಂದರು. ತೂತಿನ ಮುಂದೆ ನಿಂತರು. "ನಮ್ಮ ಅಚ್ಚಿಗೆ ಇದು ಹಾಕಿದ್ದು ಯಾರು?"

ಸಾಹುಕಾರರು ನನ್ನನ್ನು ನೋಡಿದರು. "ನಾನ್ರಿ," ಎಂದೆ.

"ಕೇಳದೆ?"

"ಹೌದ್ರಿ. ಕೇಳಿದ್ರ ನೀವು ಬ್ಯಾಡ ಅಂತಿದ್ರಿ. ಒಂದು ಕುರ್ಚಿ ಮಾಡಿ ತೋರಸ್ತೀನಿ. ಆಮ್ಯಾಲ ಏನ್ ಬೇಕಾದ್ರೂ ಅನ್ರಿ."

ಅವರು ಕೈಕಟ್ಟಿ ನಿಂತರು. ದಾವಲಬಿ ನನ್ನ ಕಡೆ ನೋಡಿ, ಮಷೀನು ಹಚ್ಚಿ, ಬೆನ್ನು ತಿರುಗಿಸಿದಳು. ನಾವೆಲ್ಲ ತಿರುಗಿದೆವು. ಕರಗಿದ ಪ್ಲಾಸ್ಟಿಕ್ಕು ಅಚ್ಚು ತುಂಬುತ್ತಲೇ ಸ್ಪೀಕರಿನಿಂದ ಸಣ್ಣ ಕೂಸು ಅತ್ತ ಹಾಗೆ ಎತ್ತರದ ದನಿ ಹೊರಟಿತು. ಅದು ಹಾಗೆಯೇ ಇತ್ತು, ಇತ್ತು. ಆಮೇಲೆ ಎಷ್ಟು ಮೆಲ್ಲಗೆಂದರೆ, ಮೊದಲು ನನ್ನ ಭ್ರಮೆ ಅಂದುಕೊಂಡೆ, ದನಿ ಇಳಿಯತೊಡಗಿತು. ಹೆಂಗಸರಲ್ಲಿ ಯಾರೋ "ಇಳ್ಯಾಕತ್ತೈತಿ" ಎಂದು ಪಿಸುಗುಟ್ಟಿದರು. ಇಳಿಯಿತು, ಇನ್ನೂ ಇಳಿಯಿತು, ಅರ್ಧದಾರಿಯಲ್ಲಿ ಗಕ್ಕನೆ ನಿಂತುಬಿಟ್ಟಿತು. ಇಷ್ಟು ಬೇಗ ನಿಲ್ಲಬಾರದಿತ್ತು.

ದಾವಲಬಿ ತಿರುಗದೆಯೇ ಹೇಳಿದಳು: "ಯಾರೋ ನೋಡಾಕತ್ತೀರಿ."

ಓರೆಗಣ್ಣು ಹಾಯಿಸಿದೆ. ನಮ್ಮ ಬೆನ್ನ ಹಿಂದೆ ಕಾಮತರು ಗೋಣಿಚೀಲದ ತುದಿ ಎತ್ತಿ ಪರದೆ ನೋಡುತ್ತಿದ್ದರು. ಗಾಬರಿಯಿಂದ ಕೈಬಿಟ್ಟರು. ದನಿ ನಿಂತಲ್ಲಿಂದ ಮತ್ತೆ ಇಳಿಯಿತು. ಅವರಿಗೆ ನಂಬಿಕೆಯಾಗಲಿಲ್ಲ, ಮತ್ತೊಮ್ಮೆ ಎತ್ತಿದರು. ದನಿ ನಿಂತಿತು. ಬಿಟ್ಟರು. ಇಳಿಯಿತು.

"ಇದೆಂತದು ಮಾರಾಯ್ರೆ," ಎಂದರು ಕಾಮತರು.

"ಸಣ್ಣ ಹುಡುಗರಂಗ ಆಡಬ್ಯಾಡ್ರಿ, ಗ್ವಾಡಿ ಕಡೆ ತಿರುಗ್ರಿ," ಎಂದಳು ದಾವಲಬಿ. ಅವರು ತಿರುಗಿದರು. ಕಂಪನಿಯವರನ್ನು ಯಾರಾದರೂ ಹಾಗೆ ಗದರಿಸಿದ್ದು ಅದೇ ಮೊದಲು.

ದನಿ ತಗ್ಗಿ ತಗ್ಗಿ ಕೊನೆಗೆ ಒಂದು ಗುಂಯ್ ಎನ್ನುವ ಸದ್ದಾಗಿ ನೆಲೆನಿಂತಿತು. ದಾವಲಬಿ ತಲೆ ಸ್ವಲ್ಪ ವಾಲಿಸಿ, ಅದು ಇನ್ನು ಇಳಿಯುವುದಿಲ್ಲ ಎಂದು ಖಾತ್ರಿಯಾಗುವವರೆಗೆ ಕೇಳಿದಳು. ಆಮೇಲೆ ಗುಂಡಿ ಒತ್ತಿದಳು. ಅಚ್ಚು ಬಿಚ್ಚಿಕೊಂಡಿತು, ಕುರ್ಚಿ ಒಂದಿಷ್ಟೂ ಹಟ ಮಾಡದೆ ಅವಳ ಕೈಗೆ ಬಂತು. ಹಾಲಿನ ಬಣ್ಣದ, ಬೆಚ್ಚಗಿನ ಕುರ್ಚಿ. ನಯವಾದ ಬಂಡೆಯ ಮೇಲಿಟ್ಟು ಒತ್ತಿದರೆ ಸದ್ದಿಲ್ಲ.

ಕಾಮತರು ನಗಲಿಲ್ಲ. "ಇಲ್ಲಿ ಯಾವಾಗಲೂ ಸರಿ ಇರ್ತದೆ. ನಮ್ಮಲ್ಲಿಗೆ ಬಂದ ಮೇಲಲ್ವ ಅದು ಕುಣಿಯುವುದು?" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಹೀಗಾಗಿ ಒಂದು ಒಪ್ಪಂದವಾಯಿತು. ಆ ದಿನ ಮಾಡಿದ ಕುರ್ಚಿಗಳನ್ನೆಲ್ಲ ಕಿಟಕಿಯಿಲ್ಲದ ಗೋದಾಮಿಗೆ ಹಾಕಿ, ಕಾಮತರು ತಮ್ಮದೇ ಬೀಗ ಜಡಿದು ಕೀಲಿ ಜೇಬಿಗಿಳಿಸುವುದು. ಯಾರೂ ನೋಡದ ಆ ಕತ್ತಲಲ್ಲಿ ಕುರ್ಚಿಗಳಿಗೆ ಸೊಟ್ಟಗಾಗುವ ಆಸೆಯಿದ್ದರೆ ಆಗಲಿ. ಮರುದಿನ ತೆಗೆದು ನೋಡುವುದು. ಸಂಜೆಯವರೆಗೂ ಮಷೀನು ಅಳುತ್ತ, ಸುಮ್ಮನಾಗುತ್ತ, ಮತ್ತೆ ಅಳುತ್ತ ಕುರ್ಚಿ ಕೊಡುತ್ತಲೇ ಇತ್ತು. ಮಧ್ಯಾಹ್ನದ ಬಿಸಿಲಿಗೆ ಅಳು ಉದ್ದವಾಯಿತು, ಸಂಜೆ ಗಾಳಿ ಬಿಟ್ಟ ಮೇಲೆ ಗಿಡ್ಡವಾಯಿತು. ಇಷ್ಟು ದಿನ ನಾವು ಎಲ್ಲ ಹೊತ್ತಿಗೂ ಒಂದೇ ಲೆಕ್ಕ ಹಿಡಿದು ಬಿಚ್ಚುತ್ತಿದ್ದೆವಲ್ಲ, ಕುಂಟದೆ ಇನ್ನೇನು ಮಾಡಿಯಾವು ಪಾಪ.

ಮರುದಿನ ಕಾಮತರು ಬೀಗ ತೆಗೆಯುವಾಗ ಸಾಹುಕಾರರು ಒಳಗೆ ಬರಲೇ ಇಲ್ಲ, ಬಾಗಿಲ ಹೊರಗೆ ರುಮಾಲಿನಿಂದ ಕತ್ತು ಒರೆಸಿಕೊಳ್ಳುತ್ತ ನಿಂತಿದ್ದರು. ಕಾಮತರು ಕೈಗೆ ಸಿಕ್ಕ ಕುರ್ಚಿಗಳನ್ನು ಆರಿಸಿ, ಬಂಡೆಗಲ್ಲಿನ ನೆಲದ ಮೇಲೆ ಸಾಲಾಗಿ ಇಡಿಸಿದರು. ಮೊದಲನೆಯದರ ಮೂಲೆಗಳನ್ನು ಒಂದೊಂದಾಗಿ ಅಂಗೈಯಿಂದ ಒತ್ತಿದರು. ಸದ್ದಿಲ್ಲ. ಎರಡನೆಯದು, ಸದ್ದಿಲ್ಲ. ಮುಂದಿನದಕ್ಕೆ ಹೋದರು, ಅದರ ಮುಂದಿನದಕ್ಕೆ ಹೋದರು. ನಾವು ಹೆಂಗಸರೆಲ್ಲ ಬಾಗಿಲಲ್ಲಿ ಒತ್ತಿ ನಿಂತು ಒಂದು ಟಕ್ ಎನ್ನುವ ಸದ್ದಿಗಾಗಿ ಕಿವಿ ತೆರೆದುಕೊಂಡಿದ್ದೆವು. ಅದು ಬರಲಿಲ್ಲ. ಸಾಲಿನ ತುದಿಯ ಕುರ್ಚಿಯನ್ನು ಒತ್ತಿದ ಮೇಲೆ ಕಾಮತರು ಅದನ್ನು ಬೋರಲು ಹಾಕಿ, ಕಾಲುಗಳ ಮೇಲೆ ಹಲಗೆಯಿಟ್ಟು, ಬಗ್ಗಿ ಸಂದಿ ಹುಡುಕಿದರು. ಹುಡುಕಿ, ನೆಟ್ಟಗೆ ನಿಂತು, ನನ್ನ ಕಡೆ ತಿರುಗಿದರು.

"ನಮ್ಮ ಇನ್ನೂ ಕೆಲವು ಅಚ್ಚು ಬೇರೆ ಕಡೆ ಉಂಟು," ಎಂದರು. "ಅವಕ್ಕೂ ನೀವೇ ಬಂದು ಇಂಥದೇ ತೂತು ಹಾಕಿ ಕೊಡ್ಬೇಕು. ಈ ಸಲ ನಾನೇ ಕೇಳ್ತಾ ಇದ್ದೇನೆ."

ದಾವಲಬಿ ನನ್ನ ಬೆನ್ನಿಗೆ ಜೋರಾಗಿ ಒಂದು ಗುದ್ದಿದಳು. ಅಷ್ಟು ಸುಖವಾದ ಏಟು ನಾನು ಇನ್ನೊಂದು ತಿಂದಿಲ್ಲ. ಅಚ್ಚು ಹೊರಲು ಬಂದ ಲಾರಿಗೆ ಕುರ್ಚಿಗಳನ್ನು ಏರಿಸಿದೆವು. ಹಗ್ಗ ಬಿಗಿಯುವಾಗ ಹೆಂಗಸರು ಬೇಕೆಂದೇ ಗಟ್ಟಿಯಾಗಿ ಮಾತಾಡುತ್ತಿದ್ದರು, ರಸ್ತೆಯಲ್ಲಿ ಹೋಗುವವರಿಗೆ ಕೇಳಲಿ ಎಂದು.

ಕಾಮತರು ಪರೀಕ್ಷೆ ಮಾಡಿದ ಸಾಲು ಮಾತ್ರ ನೆಲದ ಮೇಲೆ ಉಳಿದಿತ್ತು. ಚಹಾ ಬಂತು. ದಾವಲಬಿ ಗೋದಾಮಿನ ಬಾಗಿಲಿಗೆ ಎದುರಾಗಿದ್ದ ಶೆಡ್ಡಿಗೆ ಹೋಗಿ ಮಷೀನು ಹಚ್ಚಿ ಬಂದು, ಲೋಟ ತೆಗೆದುಕೊಂಡು, ಯಾರನ್ನೂ ಕೇಳದೆ ಮೊದಲ ಕುರ್ಚಿಯಲ್ಲಿ ಕೂತಳು. ಇಷ್ಟು ವರ್ಷ ಕುರ್ಚಿ ಮಾಡಿದವರು ನಾವು, ಕೂತದ್ದು ಮಾತ್ರ ಕಾಳಿನ ಚೀಲಗಳ ಮೇಲೆ. ಅವಳ ಪಕ್ಕ ನಾನು ಕೂತೆ. ಉಳಿದ ಹೆಂಗಸರು ಸೀರೆ ಸರಿ ಮಾಡಿಕೊಂಡು ಒಬ್ಬೊಬ್ಬರಾಗಿ ಕೂತರು. ಕಾಮತರು ಕೂತರು, ಲಾರಿಯ ಡ್ರೈವರೂ ಕೂತ. ಸಾಹುಕಾರರು ಲೋಟ ಹಿಡಿದು ಸಾಲನ್ನು ಆ ತುದಿಯಿಂದ ಈ ತುದಿಗೆ ನೋಡಿದರು. ಖಾಲಿ ಇರಲಿಲ್ಲ.

"ನನಗ?" ಎಂದರು.

"ನಿಮ್ಮದು ಮಷೀನ್ಯಾಗ ಐತ್ರಿ, ಸಾವ್ಕಾರ್ರ," ಎಂದಳು ದಾವಲಬಿ, ಕೂತಲ್ಲಿಂದಲೇ. "ಅಳು ನಿಂತ ಮ್ಯಾಲ ಬಿಚ್ಚಿಕೊಂಡು ಬರ್ರಿ. ನಿಮಗೂ ಕಿವಿ ಅದಾವಲ್ಲ."

ಸಾಹುಕಾರರು ಲೋಟ ಕೆಳಗಿಟ್ಟು ಹೋದರು. ಮಷೀನಿಗೆ ಬೆನ್ನು ಹಾಕಿ, ಒಂದು ಕೈ ಹಿಂದೆ ಚಾಚಿ ಗುಂಡಿಯ ಮೇಲಿಟ್ಟು, ನಮಗೆದುರಾಗಿ ಕಣ್ಣು ಮುಚ್ಚಿ ನಿಂತರು. ದನಿ ಇಳಿಯುತ್ತಿತ್ತು. ನಾವು ಚಹಾ ಹೀರುವುದನ್ನೂ ನಿಲ್ಲಿಸಿದೆವು. ದನಿ ನಿಂತಿತು. ಅವರು ಒಂದು ಕಣ್ಣು ತೆರೆದು ನಮ್ಮ ಕಡೆ ನೋಡಿದರು, ಬಿಚ್ಚಲೇ ಎಂದು. ಯಾರೂ ತಲೆಯಾಡಿಸಲಿಲ್ಲ, ಎಲ್ಲರೂ ತಂತಮ್ಮ ಲೋಟ ನೋಡಿಕೊಂಡೆವು. ಅವರು ಮತ್ತೆ ಕಣ್ಣು ಮುಚ್ಚಿ, ಆ ಗುಂಯ್ ಸದ್ದನ್ನು ಇನ್ನೊಂದಿಷ್ಟು ಕೇಳಿ, ತಮ್ಮ ಧೈರ್ಯದ ಮೇಲೆ ತಾವೇ ಗುಂಡಿ ಒತ್ತಿದರು. ಆಮೇಲೆ ಬಿಸಿ ಕುರ್ಚಿಯನ್ನು ಧೋತರದ ಅಂಚಿನಿಂದ ಹಿಡಿದು ತಂದು ಸಾಲಿನ ಕೊನೆಗೆ ಇಟ್ಟು, ನಾಲ್ಕು ಮೂಲೆಯನ್ನೂ ಒತ್ತಿ ನೋಡಿ, ಕೂತುಕೊಂಡರು.